ಮಗು ‘ಬರಲೊಲ್ಲೆ’ ಎಂದಾಗ

‘ಗಂಡ-ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ನಾವು ಮದುವೆಮನೆಗಳಲ್ಲಿ ನಗುನಗುತ್ತಾ ಹೇಳುತ್ತೇವೆ. ‘ಗಂಡ-ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು’ ಎಂಬ ಇನ್ನೊಂದು ಗಾದೆ ನಮಗೆ ನೆನಪಾಗುವುದು ಬಹಳ ತಡವಾಗಿ. ಜಗಳ ಉಂಡು ಮಲಗಿದ ಮೇಲೂ ಮುಗಿಯದೆ, ಮನೆ ಎರಡಾಗಿ, ವಾರದ ಇಷ್ಟು ದಿನ ಇಲ್ಲಿ, ಇಷ್ಟು ದಿನ ಅಲ್ಲಿ ಎಂದು ಮಗುವಿನ ಚೀಲ ಕಟ್ಟಿದ ಮೇಲೆ, ಒಂದು ದಿನ ಆ ಮಗು ‘ನಾನು ಅಲ್ಲಿಗೆ ಹೋಗುವುದಿಲ್ಲ’ ಎಂದು ಬಾಗಿಲಲ್ಲೇ ಕುಳಿತುಬಿಟ್ಟರೆ ಆ ಮಾತಿಗೆ ಏನರ್ಥ? ಇಂದು ಆಸ್ಟ್ರೇಲಿಯಾದ ಕೌಟುಂಬಿಕ ನ್ಯಾಯಾಲಯಗಳನ್ನೂ ವೈದ್ಯರನ್ನೂ ಸಮಾನವಾಗಿ ಕಾಡುವ ಪ್ರಶ್ನೆಗಳಲ್ಲಿ ಇದೂ ಒಂದು. ಇಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳೂ ಇದಕ್ಕೆ ಹೊರತಲ್ಲ.

ಸಿಡ್ನಿಯ ಪಶ್ಚಿಮ ಭಾಗದ ವೆಸ್ಟ್‌ಮೀಡ್ ಭಾರತೀಯರಿಗೆ ಚಿರಪರಿಚಿತ ಬಡಾವಣೆ. ದೊಡ್ಡವರ ಆಸ್ಪತ್ರೆಯೂ ಮಕ್ಕಳ ಆಸ್ಪತ್ರೆಯೂ ಇಲ್ಲಿ ಅಕ್ಕಪಕ್ಕದಲ್ಲಿವೆ. ಸಮೀಪದ ಮೇಸ್ ಹಿಲ್‌ನಲ್ಲಿ ಮುರುಗನ್ ದೇವಾಲಯವಿದೆ. ರೈಲಿನಲ್ಲಿ ಮುಂದಿನ ನಿಲ್ದಾಣವೇ ಪ್ಯಾರಾಮಟ್ಟಾ. ಅಲ್ಲಿನ ಜಾರ್ಜ್ ಸ್ಟ್ರೀಟ್‌ನಲ್ಲಿ ಫೆಡರಲ್ ಸರ್ಕ್ಯೂಟ್ ಮತ್ತು ಕೌಟುಂಬಿಕ ನ್ಯಾಯಾಲಯದ ಕಚೇರಿಯಿದೆ. ಆಸ್ಪತ್ರೆಗೂ ನ್ಯಾಯಾಲಯಕ್ಕೂ ನಡುವೆ ಇರುವುದು ಕೆಲವೇ ನಿಮಿಷಗಳ ಅಂತರ. ಕೆಲವು ಮಕ್ಕಳ ಬದುಕಿನಲ್ಲಿ ಆ ಅಂತರವೂ ಅಳಿಸಿಹೋಗುತ್ತದೆ.

ವಾರವಿಡೀ ಆಡಿಕೊಂಡಿದ್ದ ಮಗುವಿಗೆ ಶುಕ್ರವಾರ ಸಂಜೆ ಹೊಟ್ಟೆನೋವು ಬರುತ್ತದೆ. ರಕ್ತಪರೀಕ್ಷೆ, ಸ್ಕ್ಯಾನ್ ಎಲ್ಲವೂ ಸರಿಯಾಗಿರುತ್ತವೆ. ತಲೆನೋವು, ನಿದ್ರಾಭಂಗ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸದ ಮರುಕಳಿಕೆ, ಇವೂ ಮಕ್ಕಳ ವೈದ್ಯರಿಗೆ ಹೊಸತಲ್ಲ. ಮಗು ನಟಿಸುತ್ತಿಲ್ಲ, ನೋವು ನಿಜವಾದದ್ದು. ಮನಸ್ಸಿನ ಒತ್ತಡ ಮಕ್ಕಳಲ್ಲಿ ಮಾತಿಗಿಂತ ಮೊದಲು ದೇಹದ ಮೂಲಕ ವ್ಯಕ್ತವಾಗುತ್ತದೆ. ಆದರೆ ಆ ಒತ್ತಡದ ಮೂಲ ಯಾವುದು ಎಂದು ಕೇಳಿದೊಡನೆ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ‘ಅಲ್ಲಿ ಮಗುವಿಗೆ ಹೆದರಿಕೆಯಿದೆ, ಆದ್ದರಿಂದ ಹೋಗಲೊಲ್ಲದು’ ಎಂಬುದು ಒಬ್ಬರ ಉತ್ತರ. ‘ಇಲ್ಲಿ ಮಗುವಿನ ಕಿವಿಗೆ ವಿಷ ತುಂಬುತ್ತಿದ್ದಾರೆ, ಆದ್ದರಿಂದ ಬರಲೊಲ್ಲದು’ ಎಂಬುದು ಇನ್ನೊಬ್ಬರದು. ಇಬ್ಬರೂ ಕೊನೆಯಲ್ಲಿ ಕೇಳುವುದು ಒಂದನ್ನೇ: ‘ಡಾಕ್ಟ್ರೇ, ಕೋರ್ಟಿಗೆ ಒಂದು ಪತ್ರ ಬರೆದುಕೊಡಿ.’

ಎರಡನೆಯ ಉತ್ತರಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರಿದೆ: ಪೇರೆಂಟಲ್ ಏಲಿಯನೇಷನ್. ತಂದೆ ಅಥವಾ ತಾಯಿಯೊಬ್ಬರು ಮಗುವಿನ ಮನಸ್ಸನ್ನು ಇನ್ನೊಬ್ಬರ ವಿರುದ್ಧ ತಿರುಗಿಸಿ ದೂರಮಾಡುವುದು ಎಂದು ಇದರ ಅರ್ಥ. ಕನ್ನಡದಲ್ಲಿ ದೂರೀಕರಣ ಎನ್ನೋಣ. ಇದನ್ನು ರೋಗದ ಹೆಸರಾಗಿ ಚಲಾವಣೆಗೆ ತಂದವರು ಅಮೆರಿಕದ ಮಕ್ಕಳ ಮನೋವೈದ್ಯ ರಿಚರ್ಡ್ ಗಾರ್ಡ್ನರ್. 1985ರಲ್ಲಿ ಅವರು ‘ಪೇರೆಂಟಲ್ ಏಲಿಯನೇಷನ್ ಸಿಂಡ್ರೋಮ್’ ಎಂಬ ಪದವನ್ನು ಬಳಸಿ, ಮಗು ಒಬ್ಬ ಪೋಷಕರನ್ನು ಕಾರಣವಿಲ್ಲದೆ ಹೀಗಳೆಯುವುದು, ಅದಕ್ಕೆ ಕ್ಷುಲ್ಲಕ ನೆಪಗಳನ್ನು ಕೊಡುವುದು, ಒಬ್ಬರನ್ನು ಪೂರ್ತಿ ಒಳ್ಳೆಯವರೆಂದೂ ಇನ್ನೊಬ್ಬರನ್ನು ಪೂರ್ತಿ ಕೆಟ್ಟವರೆಂದೂ ಕಾಣುವುದು ಮುಂತಾದ ಲಕ್ಷಣಗಳನ್ನು ಪಟ್ಟಿಮಾಡಿದರು. ವಕೀಲರಿಗೆ ಈ ಪಟ್ಟಿ ಅನುಕೂಲಕರವಾಗಿ ಕಂಡಿತು. ವೈದ್ಯಕೀಯ ಲೋಕ ಒಪ್ಪಲಿಲ್ಲ. ಒಬ್ಬರ ತಲೆಯೊಳಗಿನ ರೋಗವನ್ನು ಇನ್ನೊಬ್ಬರ ವರ್ತನೆಯಿಂದ ನಿರ್ಣಯಿಸುವುದು ಹೇಗೆ? ನಿಜವಾಗಿಯೂ ಹೊಡೆತ ತಿಂದ ಮಗು ತೋರುವ ಭಯವನ್ನು ಇದರಿಂದ ಬೇರ್ಪಡಿಸುವುದು ಹೇಗೆ? 2013ರಲ್ಲಿ ಬಂದ ಅಮೆರಿಕದ ಮನೋರೋಗಗಳ ಕೈಪಿಡಿ ಡಿಎಸ್‌ಎಂ-5ರಲ್ಲಿ ಈ ರೋಗಕ್ಕೆ ಸ್ಥಾನ ದೊರೆಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11ರ ಸೂಚಿಯಲ್ಲಿ ಸೇರಿದ್ದ ಪದವನ್ನೂ 2020ರಲ್ಲಿ ತೆಗೆದುಹಾಕಲಾಯಿತು.

ಹಾಗೆಂದು ಅಂಥ ವರ್ತನೆಯೇ ಲೋಕದಲ್ಲಿಲ್ಲ ಎಂದು ಯಾರೂ ಹೇಳಲಾರರು. ಫೋನು ಬಂದಾಗ ‘ಮಗು ಮಲಗಿದೆ’ ಎನ್ನುವುದು, ಭೇಟಿಯ ದಿನವೇ ಗೆಳೆಯನ ಹುಟ್ಟುಹಬ್ಬದ ನೆಪ ಹೂಡುವುದು, ‘ನಿಮ್ಮಪ್ಪ ದುಡ್ಡು ಕೊಡದೇ ಇದ್ದುದರಿಂದ ನಿನಗೆ ಈಜು ತರಗತಿಯಿಲ್ಲ’ ಎನ್ನುವುದು, ‘ನಿಮ್ಮಮ್ಮ ನಮ್ಮನ್ನು ಬಿಟ್ಟುಹೋದಳು’ ಎನ್ನುವುದು, ಇವೆಲ್ಲ ಮಗುವಿನ ಮೇಲೆ ನಡೆಯುವ ನಿಧಾನವಾದ ಹಿಂಸೆಗಳೇ. ಆದರೆ ಮಗುವಿನ ನಿರಾಕರಣೆಗೆ ಇದೊಂದೇ ಕಾರಣವಲ್ಲ. 2001ರಲ್ಲಿ ಜೋನ್ ಕೆಲಿ ಮತ್ತು ಜಾನೆಟ್ ಜಾನ್ಸ್ಟನ್ ಎಂಬ ತಜ್ಞೆಯರು ಈ ಪ್ರಶ್ನೆಯನ್ನು ಮರಳಿ ರೂಪಿಸಿ, ಪೋಷಕರ ದೋಷದಿಂದಲ್ಲ, ಮಗುವಿನಿಂದ ವಿಚಾರ ಆರಂಭವಾಗಬೇಕೆಂದರು. ಕೆಲವು ಮಕ್ಕಳಿಗೆ ಸ್ವಭಾವತಃ ಒಬ್ಬರಲ್ಲಿ ಹೆಚ್ಚು ಸಲಿಗೆ. ಕೆಲವರು ಬೇರ್ಪಡುವಿಕೆಯ ಸಿಟ್ಟಿನಲ್ಲಿ ಒಬ್ಬರ ಪಕ್ಷ ವಹಿಸುತ್ತಾರೆ. ಕೆಲವರು ತಾವು ಕಂಡುಂಡ ಹಿಂಸೆಯ, ಕುಡಿತದ, ನಿರ್ಲಕ್ಷ್ಯದ ಕಾರಣದಿಂದ ದೂರ ಸರಿಯುತ್ತಾರೆ, ಅದು ಆತ್ಮರಕ್ಷಣೆ. ಇವೆಲ್ಲದರ ಆಚೆ, ಅನುಭವಕ್ಕೆ ಮೀರಿದ ದ್ವೇಷವನ್ನು ತೋರುವ ಮಕ್ಕಳ ಒಂದು ಸಣ್ಣ ಗುಂಪು ಉಳಿಯುತ್ತದೆ. ಇದರ ಜೊತೆಗೆ ವಯಸ್ಸನ್ನೂ ಸೇರಿಸಿಕೊಳ್ಳಬೇಕು: ಎರಡು ವರ್ಷದ ಕೂಸು ಅಳುವುದು ಅಗಲಿಕೆಯ ಭಯದಿಂದ, ಹತ್ತು ವರ್ಷದ್ದು ಅಳುವುದು ಇಬ್ಬರಲ್ಲಿ ಯಾರಿಗೂ ದ್ರೋಹ ಮಾಡಲಾಗದ ಸಂಕಟದಿಂದ, ಹದಿನೈದರ ಹುಡುಗ ಹೋಗದಿರುವುದು ಶನಿವಾರದ ಕ್ರಿಕೆಟ್ ಪಂದ್ಯಕ್ಕಾಗಿಯೂ ಇರಬಹುದು.

ವೈದ್ಯರ ಭಾಷೆಯಲ್ಲಿ ಹೇಳುವುದಾದರೆ, ‘ಒಲ್ಲೆ’ ಎಂಬುದು ಜ್ವರದಂತೆ ಒಂದು ಲಕ್ಷಣ. ಜ್ವರವನ್ನು ಕಂಡೊಡನೆ ಮಲೇರಿಯಾ ಎಂದು ಬರೆಯುವ ವೈದ್ಯರನ್ನು ಯಾರೂ ನಂಬುವುದಿಲ್ಲ. ಮಗುವಿನ ನಿರಾಕರಣೆಯನ್ನು ಕಂಡೊಡನೆ ದೂರೀಕರಣ ಎಂದು ಬರೆಯುವುದೂ, ಹಿಂಸೆಯೇ ನಡೆದಿದೆ ಎಂದು ಬರೆಯುವುದೂ ಅಷ್ಟೇ ಅವಸರದ ಕೆಲಸ. ಈ ಅವಸರದ ಬೆಲೆಯನ್ನು ತೆರುವುದು ಮಾತ್ರ ಮಗು. ತಪ್ಪು ತೀರ್ಮಾನ ಒಂದು ಕಡೆಗೆ ವಾಲಿದರೆ ಅದು ಹೆದರುವ ಮನೆಗೇ ಅದನ್ನು ಕಳುಹಿಸಿದಂತಾಗುತ್ತದೆ. ಇನ್ನೊಂದು ಕಡೆಗೆ ವಾಲಿದರೆ ಪ್ರೀತಿಸುವ ತಂದೆಯನ್ನೋ ತಾಯಿಯನ್ನೋ ಬದುಕಿನಿಂದಲೇ ಅಳಿಸಿದಂತಾಗುತ್ತದೆ.

ಆಸ್ಟ್ರೇಲಿಯಾದ ಕಾನೂನು ಈ ಎರಡು ಅಪಾಯಗಳ ನಡುವೆ ಅರ್ಧ ಶತಮಾನದಿಂದ ತೂಗಾಡುತ್ತ ಬಂದಿದೆ. 1975ರ ಕೌಟುಂಬಿಕ ಕಾನೂನು ಕಾಯ್ದೆ ವಿಚ್ಛೇದನಕ್ಕೆ ತಪ್ಪು ಹೊರಿಸುವ ಅಗತ್ಯವನ್ನು ತೆಗೆದುಹಾಕಿತು. ಹನ್ನೆರಡು ತಿಂಗಳು ಬೇರೆಯಾಗಿದ್ದರೆ ಸಾಕು. ತಂದೆಯರಿಗೆ ಮಕ್ಕಳು ದೊರೆಯುತ್ತಿಲ್ಲ ಎಂಬ ಕೂಗು ಬಲವಾದಾಗ 2006ರ ತಿದ್ದುಪಡಿ ಬಂದಿತು. ಪೋಷಕರಿಬ್ಬರಿಗೂ ಸಮಾನ ಹೊಣೆಯಿರುವುದೇ ಮಗುವಿಗೆ ಹಿತ ಎಂಬ ಪೂರ್ವಭಾವನೆಯಿಂದ ನ್ಯಾಯಾಧೀಶರು ಹೊರಡಬೇಕೆಂದು ಅದು ವಿಧಿಸಿತು. ಇದು ಮಗುವಿನ ಕುರಿತಾದ ದೊಡ್ಡ ನಿರ್ಧಾರಗಳ ಹೊಣೆಗೆ ಸಂಬಂಧಿಸಿದ್ದು. ಜನ ಮಾತ್ರ ಅದನ್ನು ಸರಿಪಾಲು ಸಮಯವೆಂದು ತಿಳಿದರು. ಮಗು ಇನ್ನೊಬ್ಬ ಪೋಷಕರೊಂದಿಗೆ ಬಾಂಧವ್ಯ ಉಳಿಸಿಕೊಳ್ಳಲು ಯಾರು ಎಷ್ಟು ಸಹಕರಿಸುತ್ತಾರೆ ಎಂಬುದನ್ನೂ ನ್ಯಾಯಾಲಯ ಅಳೆಯಬೇಕಾಗಿತ್ತು. ಕೇಳಲು ಹಿತವಾಗಿದ್ದ ಈ ಅಂಶಕ್ಕೆ ಒಂದು ಕರಾಳ ಮುಖವಿತ್ತು. ಮನೆಯಲ್ಲಿ ಹೊಡೆತವಿತ್ತು ಎಂದು ಹೇಳಿದರೆ ‘ಅಸಹಕಾರಿ’ ಎನಿಸಿಕೊಳ್ಳುವ ಭಯದಿಂದ ತಾಯಂದಿರು ಬಾಯಿ ಮುಚ್ಚಿಕೊಂಡರು. 2012ರಲ್ಲಿ ಜಾರಿಗೆ ಬಂದ ತಿದ್ದುಪಡಿ ಆ ಅಂಶವನ್ನು ಕೈಬಿಟ್ಟಿತು. 2024ರ ಮೇ 6ರಿಂದ ಜಾರಿಯಾದ ತಿದ್ದುಪಡಿಯಲ್ಲಿ ಸಮಾನ ಹೊಣೆಯ ಪೂರ್ವಭಾವನೆಯೂ ಹೋಯಿತು.

ಈಗ ನ್ಯಾಯಾಧೀಶರು ಮುಖ್ಯವಾಗಿ ಆರು ಸಂಗತಿಗಳನ್ನು ನೋಡುತ್ತಾರೆ: ಮಗುವಿನ ಮತ್ತು ಅದನ್ನು ನೋಡಿಕೊಳ್ಳುವವರ ಸುರಕ್ಷತೆ, ಮಗುವಿನ ಅಭಿಪ್ರಾಯ, ಅದರ ಬೆಳವಣಿಗೆಯ, ಮಾನಸಿಕ, ಭಾವನಾತ್ಮಕ ಮತ್ತು ಸಾಂಸ್ಕೃತಿಕ ಅಗತ್ಯಗಳು, ಆ ಅಗತ್ಯಗಳನ್ನು ಪೂರೈಸಲು ಪೋಷಕರಿಗಿರುವ ಸಾಮರ್ಥ್ಯ, ಸುರಕ್ಷಿತವಾಗಿರುವಲ್ಲಿ, ತಂದೆತಾಯಿಯರೊಂದಿಗೂ ಇತರ ಆಪ್ತರೊಂದಿಗೂ ಬಾಂಧವ್ಯವಿರುವುದರಿಂದ ಮಗುವಿಗಾಗುವ ಪ್ರಯೋಜನ, ಮತ್ತು ಆ ಮಗುವಿನ ಪರಿಸ್ಥಿತಿಗೆ ಪ್ರಸ್ತುತವಾದ ಬೇರೆ ಯಾವುದೇ ವಿಷಯ. ಮೂಲನಿವಾಸಿ ಮಕ್ಕಳ ವಿಷಯದಲ್ಲಿ ಅವರ ಸಂಸ್ಕೃತಿಯ ಹಕ್ಕನ್ನು ಪ್ರತ್ಯೇಕವಾಗಿ ಪರಿಗಣಿಸಬೇಕು. ನ್ಯಾಯಾಲಯ ಮಗುವಿಗಾಗಿ ಸ್ವತಂತ್ರ ವಕೀಲರನ್ನು ನೇಮಿಸಿದ್ದರೆ ಅವರು ಮಗುವನ್ನು ಖುದ್ದಾಗಿ ಭೇಟಿಯಾಗಿ ಅದರ ಮನಸ್ಸನ್ನು ಅರಿಯಲೇಬೇಕು. ಐದು ವರ್ಷದೊಳಗಿನ ಮಕ್ಕಳು, ಭೇಟಿಯೇ ಬೇಡವೆನ್ನುವ ಮಕ್ಕಳು ಹಾಗೂ ವಿಶೇಷ ಸಂದರ್ಭಗಳಿಗೆ ಮಾತ್ರ ವಿನಾಯಿತಿ. ಮಗುವನ್ನು ಕಟಕಟೆಗೆ ಹತ್ತಿಸಿ ‘ಅಪ್ಪ ಬೇಕೋ, ಅಮ್ಮ ಬೇಕೋ’ ಎಂದು ಕೇಳುವ ಸಿನಿಮಾ ದೃಶ್ಯಕ್ಕೆ ಇಲ್ಲಿ ಅವಕಾಶವಿಲ್ಲ. ನ್ಯಾಯಾಲಯದ ಮಕ್ಕಳ ತಜ್ಞರು ಎಲ್ಲರನ್ನೂ ಕಂಡು, ಮಗುವಿನೊಂದಿಗೆ ಮಾತಾಡಿ ವರದಿ ಬರೆಯುತ್ತಾರೆ.

ಇಂಗ್ಲೆಂಡಿನ ಫ್ಯಾಮಿಲಿ ಜಸ್ಟಿಸ್ ಕೌನ್ಸಿಲ್ 2024ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ವೈದ್ಯರ ದೃಷ್ಟಿಗೆ ಹೆಚ್ಚು ಹತ್ತಿರವಾಗಿದೆ. ದೂರೀಕರಣದ ವರ್ತನೆ ನಡೆದಿದೆ ಎನ್ನಲು ಮೂರು ಸಂಗತಿಗಳು ಸಾಬೀತಾಗಬೇಕೆಂದು ಅದು ಹೇಳುತ್ತದೆ. ಮೊದಲನೆಯದಾಗಿ, ಮಗು ಒಬ್ಬ ಪೋಷಕರನ್ನು ನಿಜಕ್ಕೂ ನಿರಾಕರಿಸುತ್ತಿರಬೇಕು ಅಥವಾ ಹಿಂಜರಿಯುತ್ತಿರಬೇಕು. ಎರಡನೆಯದಾಗಿ, ಆ ಪೋಷಕರ ಸ್ವಂತ ನಡತೆ ಅದಕ್ಕೆ ಕಾರಣವಾಗಿರಬಾರದು. ಮೂರನೆಯದಾಗಿ, ಇನ್ನೊಬ್ಬ ಪೋಷಕರ ವರ್ತನೆಯೇ ನೇರವಾಗಿ ಅಥವಾ ಪರೋಕ್ಷವಾಗಿ ಮಗುವನ್ನು ಆ ಕಡೆಗೆ ದೂಡಿರಬೇಕು. ಮೊದಲನೆಯದನ್ನು ತೋರಿಸಿ ಮೂರನೆಯದನ್ನು ಊಹಿಸಿಕೊಳ್ಳುವಂತಿಲ್ಲ. ಮಹಿಳೆಯರ ಮೇಲಿನ ಹಿಂಸೆ ಕುರಿತ ವಿಶ್ವಸಂಸ್ಥೆಯ ವಿಶೇಷ ವರದಿಗಾರ್ತಿ ರೀಮ್ ಅಲ್‌ಸಾಲೆಮ್ 2023ರ ವರದಿಯಲ್ಲಿ ಇನ್ನೂ ಮುಂದೆ ಹೋಗಿ, ನ್ಯಾಯಾಲಯಗಳಲ್ಲಿ ಈ ಪರಿಕಲ್ಪನೆಯ ಬಳಕೆಯನ್ನೇ ಶಾಸನದಿಂದ ನಿಷೇಧಿಸಬೇಕೆಂದು ಶಿಫಾರಸು ಮಾಡಿದರು. ಮಕ್ಕಳಿಂದ ದೂರವಾದ ತಂದೆತಾಯಿಯರ ಸಂಘಟನೆಗಳು ಅದನ್ನು ಕಟುವಾಗಿ ವಿರೋಧಿಸಿದವು. ವಾದ ಇನ್ನೂ ಮುಗಿದಿಲ್ಲ.

ನಮ್ಮ ನಾಡಿನ ನ್ಯಾಯಾಲಯಗಳೂ ಇದೇ ಹಾದಿಯಲ್ಲಿ ಸಾಗಿವೆ. 2017ರಲ್ಲಿ ಭಾರತದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಎ.ಕೆ. ಸಿಕ್ರಿಯವರಿದ್ದ ಪೀಠ ಒಂದು ಪ್ರಕರಣದಲ್ಲಿ, ತಾಯಿಯಿಂದ ವರ್ಷಗಟ್ಟಲೆ ದೂರವಿದ್ದ ಮಗಳು ತಂದೆಯನ್ನೇ ಬಯಸುವುದನ್ನು ಮುಖಬೆಲೆಗೆ ಒಪ್ಪಿಕೊಳ್ಳಲಾಗದೆಂದು ಹೇಳುತ್ತ ಈ ಸಿಂಡ್ರೋಮಿನ ಪ್ರಸ್ತಾಪ ಮಾಡಿತು. ಆ ಬಳಿಕ ಬೆಂಗಳೂರಿನ ನ್ಯಾಯದೇಗುಲದಿಂದ ದಿಲ್ಲಿಯವರೆಗೆ ವಕೀಲರ ಬಾಯಲ್ಲಿ ಈ ಪದ ಓಡಾಡತೊಡಗಿತು. 2024ರ ಮೇ ತಿಂಗಳಲ್ಲಿ ಅದೇ ಸುಪ್ರೀಂ ಕೋರ್ಟು ಇನ್ನೊಂದು ಪ್ರಕರಣದಲ್ಲಿ ಎಚ್ಚರಿಕೆ ನೀಡಿತು: ದೂರೀಕರಣದ ನಿರ್ದಿಷ್ಟ ನಿದರ್ಶನಗಳನ್ನು ಗುರುತಿಸದೆ ಯಾವ ಪೋಷಕರಿಗೂ ಅವಸರದಿಂದ ಆ ಹಣೆಪಟ್ಟಿ ಹಚ್ಚಬಾರದು. ಆಸ್ಟ್ರೇಲಿಯಾದ ಸಂಸತ್ತು ಹಿಂಸೆಯ ಅನುಭವದಿಂದ ಕಲಿತ ಪಾಠವನ್ನು ಭಾರತದ ನ್ಯಾಯಾಲಯ ಸಾಕ್ಷ್ಯದ ದಾರಿಯಿಂದ ತಲುಪಿದೆ.

ವಲಸಿಗ ಕುಟುಂಬಗಳಲ್ಲಿ ಈ ಸಮಸ್ಯೆಗೆ ಇನ್ನೂ ಎರಡು ಮಗ್ಗುಲುಗಳಿವೆ. ಒಂದು ವಿಮಾನದ್ದು. ಬೇಸಗೆ ರಜೆಗೆಂದು ಬೆಂಗಳೂರಿಗೋ ಹುಬ್ಬಳ್ಳಿಗೋ ಕರೆದೊಯ್ದ ಮಗುವನ್ನು ಅಲ್ಲೇ ಶಾಲೆಗೆ ಸೇರಿಸಿಬಿಡುವ ಆಲೋಚನೆ ಜಗಳದ ಬಿಸಿಯಲ್ಲಿ ಸುಲಭವಾಗಿ ಹೊಳೆಯುತ್ತದೆ. ಮಕ್ಕಳ ಅಂತರರಾಷ್ಟ್ರೀಯ ಅಪಹರಣದ ಕುರಿತ 1980ರ ಹೇಗ್ ಒಪ್ಪಂದದಲ್ಲಿ ಆಸ್ಟ್ರೇಲಿಯಾ ಇದೆ, ಭಾರತ ಇಲ್ಲ. ಆದ್ದರಿಂದ ಇಲ್ಲಿ ಉಳಿದ ಪೋಷಕರು ಭಾರತದ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿ ಕಾಯಬೇಕು. ಅಲ್ಲಿ ವಿದೇಶಿ ಆದೇಶಕ್ಕಿಂತ ಮಗುವಿನ ಹಿತವೇ ನಿರ್ಣಾಯಕ. ವಿಚಾರಣೆ ಎಳೆದಷ್ಟೂ ಮಗು ಆ ಊರಿಗೆ, ಆ ಶಾಲೆಗೆ, ಆ ಮನೆಗೆ ಒಗ್ಗಿಹೋಗುತ್ತದೆ. ಕೊನೆಗೆ ಫೋನಿನಲ್ಲಿ ಕಾಣುವ ಮುಖ ಅದಕ್ಕೆ ಅಪರಿಚಿತವಾಗುತ್ತದೆ. ಯಾರೂ ಒಂದು ಕೆಟ್ಟ ಮಾತನ್ನೂ ಆಡದೆಯೇ ದೂರೀಕರಣ ಸಂಪೂರ್ಣವಾಗಿರುತ್ತದೆ. ನ್ಯಾಯಾಲಯದ ಆದೇಶವಿರುವಾಗ ಅಥವಾ ಪ್ರಕರಣ ನಡೆಯುತ್ತಿರುವಾಗ ಅನುಮತಿಯಿಲ್ಲದೆ ಮಗುವನ್ನು ಆಸ್ಟ್ರೇಲಿಯಾದಿಂದ ಹೊರಗೆ ಒಯ್ಯುವುದು ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಅಂಥ ಭಯವಿದ್ದವರು ನ್ಯಾಯಾಲಯದ ಮೂಲಕ ಮಗುವಿನ ಹೆಸರನ್ನು ಫೆಡರಲ್ ಪೊಲೀಸರ ವಿಮಾನ ನಿಲ್ದಾಣದ ನಿಗಾಪಟ್ಟಿಗೆ ಸೇರಿಸಬಹುದು.

ಇನ್ನೊಂದು ಮಗ್ಗುಲು ಅಜ್ಜಿ-ತಾತಂದಿರದು. ಇಲ್ಲಿನ ಮಕ್ಕಳಿಗೆ ಮೈಸೂರಿನ ಅಜ್ಜಿ, ಧಾರವಾಡದ ಅಜ್ಜ ಎಂದರೆ ಭಾನುವಾರದ ವಿಡಿಯೊ ಕರೆ. ಆ ಕರೆಯನ್ನು ಮಾಡಿಕೊಡುತ್ತಿದ್ದ ಮಗನೋ ಸೊಸೆಯೋ ಮನೆಯಿಂದ ಹೊರಬಿದ್ದ ದಿನ ಮಗುವಿನ ಅರ್ಧ ಬಳಗವೇ ಪರದೆಯಿಂದ ಮಾಯವಾಗುತ್ತದೆ. ಎಷ್ಟೋ ಮನೆಗಳಲ್ಲಿ ಕನ್ನಡ ಉಳಿದಿರುವುದೇ ಆ ಕರೆಗಳಿಂದ. ಕರೆ ನಿಂತರೆ ಮಗುವಿನ ಕನ್ನಡವೂ ನಿಲ್ಲುತ್ತದೆ. ಸಾಂಸ್ಕೃತಿಕ ಅಗತ್ಯವೆಂದು ಕಾನೂನು ಹೇಳುವಾಗ ನಾವು ನೆನೆಯಬೇಕಾದದ್ದು ಇದನ್ನು. ಅಜ್ಜ-ಅಜ್ಜಿಯರು ತಾವಾಗಿಯೇ ಇಲ್ಲಿನ ನ್ಯಾಯಾಲಯಕ್ಕೆ ಅರ್ಜಿ ಹಾಕುವ ಹಕ್ಕು ಕಾಯ್ದೆಯಲ್ಲೇ ಇದೆ ಎಂಬುದು ನಮ್ಮವರಲ್ಲಿ ಅನೇಕರಿಗೆ ತಿಳಿಯದು. ಜೊತೆಗೆ, ಆರು ತಿಂಗಳಿಗೆಂದು ಬಂದ ಹಿರಿಯರೇ ಮಗುವಿನ ಮುಂದೆ ‘ನಿಮ್ಮಮ್ಮನ ಬುದ್ಧಿಯೇ ಅಷ್ಟು’ ಎಂದು ಗೊಣಗುವುದೂ ಉಂಟು. ಇನ್ನು ನಮ್ಮ ಸಂಘಗಳು, ಯುಗಾದಿಯ ಊಟ, ರಾಜ್ಯೋತ್ಸವದ ಸಭೆಗಳು ಮುರಿದ ಮನೆಯವರಿಗೆ ಬಲು ಕಷ್ಟದ ಜಾಗಗಳು. ಸಮುದಾಯ ಒಬ್ಬರನ್ನು ಕರೆದು ಇನ್ನೊಬ್ಬರನ್ನು ಕೈಬಿಡುತ್ತದೆ. ಹಾಗೆ ಪಕ್ಷ ವಹಿಸಿದವರನ್ನು ನೋಡಿಯೇ ಮಗು ತನ್ನ ಪಕ್ಷವನ್ನೂ ಆರಿಸಿಕೊಳ್ಳುತ್ತದೆ.

ಹಾಗಾದರೆ ದಾರಿ ಯಾವುದು? ಬೇರ್ಪಟ್ಟ ದಂಪತಿಗಳಲ್ಲಿ ಬಹುಪಾಲು ಜನ ನ್ಯಾಯಾಧೀಶರ ಮುಂದೆ ನಿಲ್ಲುವುದೇ ಇಲ್ಲ. ಹಿಂಸೆಯಂಥ ಕಾರಣಗಳಿಲ್ಲದಿದ್ದರೆ ಅರ್ಜಿಗೆ ಮುನ್ನ ಮಧ್ಯಸ್ಥಿಕೆಗೆ ಹೋಗಲೇಬೇಕೆಂದು ಕಾನೂನೇ ವಿಧಿಸಿದೆ. ಮೆಲ್ಬರ್ನ್‌ನ ಮನಶ್ಶಾಸ್ತ್ರಜ್ಞೆ ಜೆನಿಫರ್ ಮ್ಯಾಕಿಂಟಾಷ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಿಟ್ಟಿನಲ್ಲಿ ಮುಖ್ಯವಾದದ್ದು. ಮಧ್ಯಸ್ಥಿಕೆಯ ಒಂದು ಬಗೆಯಲ್ಲಿ ಮಗುವಿನ ಬಗ್ಗೆ ಮಾತ್ರ ಚರ್ಚೆಯಾಯಿತು. ಇನ್ನೊಂದರಲ್ಲಿ ತಜ್ಞರೊಬ್ಬರು ಮಗುವನ್ನು ಪ್ರತ್ಯೇಕವಾಗಿ ಕಂಡು, ಅದು ಹೇಳಿದ್ದನ್ನು ಅದರ ಒಪ್ಪಿಗೆಯಿಂದ ತಂದೆತಾಯಿಯರ ಮುಂದಿಟ್ಟರು. ಒಂದು ವರ್ಷದ ಬಳಿಕ ನೋಡಿದಾಗ ಎರಡನೆಯ ಗುಂಪಿನಲ್ಲಿ ವ್ಯವಸ್ಥೆಗಳು ಹೆಚ್ಚು ಸ್ಥಿರವಾಗಿದ್ದವು. ಮಕ್ಕಳು ತಂದೆಯರಿಗೆ ಹೆಚ್ಚು ಹತ್ತಿರವಾಗಿದ್ದರು. ಅದೇ ನಗರದ ಆಸ್ಟ್ರೇಲಿಯನ್ ಇನ್‌ಸ್ಟಿಟ್ಯೂಟ್ ಆಫ್ ಫ್ಯಾಮಿಲಿ ಸ್ಟಡೀಸ್ 2018ರಲ್ಲಿ ಹತ್ತರಿಂದ ಹದಿನೇಳು ವರ್ಷದ 61 ಮಕ್ಕಳನ್ನು ಮಾತಾಡಿಸಿದಾಗ, ಅವರಲ್ಲಿ ಹೆಚ್ಚಿನವರು ಬಯಸಿದ್ದು ತಂದೆತಾಯಿಗಳು ತಮ್ಮ ಮಾತನ್ನು ಇನ್ನಷ್ಟು ಕೇಳಿಸಿಕೊಳ್ಳಬೇಕೆಂದು. ಕೇಳಿಸಿಕೊಳ್ಳುವುದೆಂದರೆ ತೀರ್ಪಿನ ಹೊರೆಯನ್ನು ಮಗುವಿನ ಹೆಗಲಿಗೆ ಹಾಕುವುದಲ್ಲ. ಸಿಡ್ನಿ ವಿಶ್ವವಿದ್ಯಾಲಯದಲ್ಲಿದ್ದ ಪ್ಯಾಟ್ರಿಕ್ ಪಾರ್ಕಿನ್ಸನ್ ಮತ್ತು ಜೂಡಿ ಕ್ಯಾಷ್ಮೋರ್ ಮಕ್ಕಳ ದನಿಯ ಬಗ್ಗೆ ಬರೆದ ಪುಸ್ತಕದಲ್ಲೂ ಈ ವ್ಯತ್ಯಾಸವೇ ಮುಖ್ಯವಾಗಿದೆ: ಮಗುವಿಗೆ ದನಿ ಬೇಕು, ಆಯ್ಕೆಯ ಭಾರ ದೊಡ್ಡವರದು.

ಪತ್ರ ಕೇಳುವ ತಂದೆತಾಯಿಯರಿಗೆ ಒಂದು ಮಾತು. ಚಿಕಿತ್ಸೆ ನೀಡುವ ವೈದ್ಯರು ತಾವು ಕಂಡದ್ದನ್ನು ಬರೆಯಬಲ್ಲರು: ಇಂಥ ದಿನ ಮಗು ಬಂದಿತು, ಇಂಥ ನೋವೆಂದಿತು, ಅದರದೇ ಮಾತಿನಲ್ಲಿ ಹೀಗೆ ಹೇಳಿತು. ಕಾಣದ ಮನೆಯಲ್ಲಿ ಏನು ನಡೆಯಿತೆಂದು, ಭೇಟಿಯಾಗದ ಪೋಷಕರ ಮನಸ್ಸಿನಲ್ಲಿ ಏನಿದೆಯೆಂದು ಬರೆಯಲಾರರು, ಬರೆಯಲೂ ಬಾರದು. ಆ ಒಂದು ಪದದಿಂದ ಮಗು ಯಾವ ಮನೆಯಲ್ಲಿ ಮಲಗಬೇಕು ಎಂಬುದೇ ಬದಲಾಗಬಹುದು. ಆದರೆ ಮಗು ಹಿಂಸೆಯನ್ನು ಹೇಳಿಕೊಂಡರೆ ಅದು ಬೇರೆ ಮಾತು. ಆಗ ಮಕ್ಕಳ ರಕ್ಷಣಾ ಇಲಾಖೆಗೆ ತಿಳಿಸುವುದು ವೈದ್ಯರ ಕಾನೂನುಬದ್ಧ ಕರ್ತವ್ಯ; ಯಾರ ಕೋರಿಕೆಗೂ ಅಲ್ಲಿ ಎಡೆಯಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಇನ್ನೂ ಸರಳ, ಇನ್ನೂ ಕಠಿಣ. ಹಣದ, ವಕೀಲರ, ಭೇಟಿಯ ಸಂದೇಶಗಳನ್ನು ಮಗುವಿನ ಬಾಯಲ್ಲಿ ಕಳುಹಿಸಬೇಡಿ. ಅಲ್ಲಿಂದ ಬಂದೊಡನೆ ‘ಏನು ಕೇಳಿದರು, ಏನು ಕೊಟ್ಟರು’ ಎಂದು ವಿಚಾರಣೆ ಮಾಡಬೇಡಿ. ಸುರಕ್ಷತೆಯ ಆತಂಕವಿಲ್ಲದಿದ್ದರೆ, ಆ ಮನೆಯಲ್ಲಿ ಸಂತೋಷವಾಗಿದ್ದೆ ಎಂದು ಹೇಳಲು ಮಗುವಿಗೆ ಅಂಜಿಕೆಯಾಗದಂತೆ ನೋಡಿಕೊಳ್ಳಿ. ನಿರಾಕರಿಸಲ್ಪಟ್ಟ ಪೋಷಕರು ಮಗುವನ್ನು ಸುಳ್ಳುಗಾರನೆಂದು ವಾದಿಸದೆ, ಹುಟ್ಟುಹಬ್ಬಕ್ಕೊಂದು ಕಾಗದ, ವಾರಕ್ಕೊಂದು ಸಣ್ಣ ಸಂದೇಶ ಕಳುಹಿಸುತ್ತ ಬಾಗಿಲನ್ನು ತೆರೆದಿಡಲಿ. ನ್ಯಾಯಾಲಯದ ಆದೇಶ ತಡೆದಿದ್ದರೆ ಅದನ್ನು ಮೀರದಿರಲಿ. ಕನ್ನಡದಲ್ಲೇ ಮಾತಾಡಬೇಕೆನ್ನುವವರಿಗೆ ಸರ್ಕಾರದ ಭಾಷಾಂತರ ಸೇವೆ 131 450ರಲ್ಲಿ ದುಭಾಷಿಗಳು ಸಿಗುತ್ತಾರೆ. ಬೇರ್ಪಡುವಿಕೆಯ ಸಲಹೆಗೆ ಫ್ಯಾಮಿಲಿ ರಿಲೇಷನ್‌ಶಿಪ್ ಅಡ್ವೈಸ್ ಲೈನ್ 1800 050 321. ಮನೆಯೊಳಗಿನ ಹಿಂಸೆಗೆ 1800 737 732. ಮಕ್ಕಳೇ ಕರೆಮಾಡಲು ಕಿಡ್ಸ್ ಹೆಲ್ಪ್‌ಲೈನ್ 1800 55 1800.

ಕೊನೆಯ ಸಂಖ್ಯೆಯನ್ನು ಮಗುವಿಗೂ ಕೊಡಿ, ಯಾವ ಮನೆಯಿಂದ ಬೇಕಾದರೂ ಕರೆಮಾಡಬಹುದು ಎಂದು ಹೇಳಿ. ‘ಒಲ್ಲೆ’ ಎನ್ನುವ ಮಗುವಿಗೆ ಅದರ ಕಾರಣವನ್ನು ಯಾರದೂ ಕಡೆಯವರಲ್ಲದ ಒಬ್ಬರ ಮುಂದೆ ಹೇಳಿಕೊಳ್ಳುವ ಅವಕಾಶ ಸಿಗಬೇಕು. ಆ ಕಾರಣವನ್ನು ಕೇಳಿದ ಮೇಲೆಯೇ ಅದಕ್ಕೊಂದು ಹೆಸರಿಡುವ ಕೆಲಸ.